ಯಾರೂ ಜಗ್ಗದ ಹಗ್ಗ

“ಫೋನ್ ಇತ್ತಾಗ ಕೊಡ್ರಿ.”

ಕಿಟಕಿಯ ಹೊರಗೆ ನಿಂತಿದ್ದವನು ಬೆಚ್ಚಿ ತಿರುಗಿದ. ಎದುರಿಗೆ ಕೈ ಚಾಚಿಕೊಂಡು ಅನುಸೂಯಾ ನಿಂತಿದ್ದಳು. ತಲೆಗೆ ಬಿಗಿದ ನೀಲಿ ಬಟ್ಟೆ, ಮೂಗಿನ ಮೇಲೆ ಬೀಜದ ಧೂಳು, ಕಣ್ಣ ತುಂಬ ಸಿಟ್ಟು.

“ಯಾರ್ನ ಕೇಳಿ ವಿಡಿಯೋ ಮಾಡಾಕತ್ತೀರಿ?”

ಕಳ್ಳನಾಗಿದ್ದರೆ ಓಡಬೇಕಿತ್ತು. ಸಾಹೇಬನಾಗಿದ್ದರೆ ರೇಗಬೇಕಿತ್ತು. ಇವನು ಎರಡೂ ಮಾಡದೆ ಫೋನನ್ನು ಅವಳ ಅಂಗೈ ಮೇಲಿಟ್ಟುಬಿಟ್ಟ. ಅಲ್ಲಿಗೇ ಅನುಸೂಯಾಗೆ ಮೊದಲ ಅನುಮಾನ ಹುಟ್ಟಿತು. ಇಷ್ಟು ಸುಲಭಕ್ಕೆ ಯಾರು ಫೋನ್ ಕೊಡುತ್ತಾರೆ?

“ಕೈ ಅಷ್ಟ ತಗದೇನ್ರಿ. ಮಾರಿ ಒಂದೂ ಇಲ್ಲ,” ಎಂದ ಅವನು.

ನಿಜವಿತ್ತು. ಬರೀ ಕೈಗಳು. ಉದ್ದನೆಯ ಮೇಜಿನ ಮೇಲೆ ಕಲ್ಲಂಗಡಿ ಬೀಜ ಆರಿಸುತ್ತಿದ್ದ ಹೆಂಗಸರ ಕೈಗಳು. ಜೊಳ್ಳು, ಸೀಳು ಆಚೆಗೆ, ಒಳ್ಳೆಯದು ಟ್ರೇಗೆ. ಅನುಸೂಯಾ ನೋಡುತ್ತ ಹೋದಳು. ಕೊನೆಯಲ್ಲಿ ಹಸಿರು ಬಳೆಯ ಒಂದು ಮುದಿ ಕೈ ಬಂತು. ಅದು ಬೀಜವನ್ನು ಬೆರಳಲ್ಲಿ ಹೊರಳಿಸಿ, ತಡವಿ, ಟ್ರೇಗೆ ಹಾಕುತ್ತಿತ್ತು. ಆಮೇಲೆ ಪಕ್ಕದ ಇನ್ನೊಂದು ಕೈ ಮೆಲ್ಲಗೆ ಆ ಟ್ರೇಯನ್ನು ತನ್ನತ್ತ ಎಳೆದುಕೊಂಡು, ಅದರೊಳಗಿನ ಜೊಳ್ಳನ್ನು ಹೆಕ್ಕಿ ತೆಗೆದು, ಮತ್ತೆ ಮುದಿ ಕೈಯ ಮುಂದೆ ಸರಿಸಿತು.

ಅನುಸೂಯಾ ಮುಂದೆ ನೋಡಲಿಲ್ಲ. ಒಂದೇ ಒತ್ತಿಗೆ ಅಳಿಸಿಹಾಕಿದಳು.

“ಅಳಿಸಿದ್ರಾ? ಛಲೋ ಆತು ಬಿಡ್ರಿ,” ಎಂದ ಅವನು ತಣ್ಣಗೆ.

ಛಲೋ ಯಾಕೆ ಆಯಿತು? ಇವನು ಅದನ್ನು ನೋಡಿದ್ದಾನಾ...?

ಹೆಸರು ಸಿದ್ದಾರ್ಥ. ಗಂಗಾವತಿ ಹತ್ತಿರದ ಮರಳಿಯವನು. ಮದುವೆ, ಮುಂಜಿವೆ, ಕಂಪನಿ ಕಾರ್ಯಕ್ರಮ ಎಲ್ಲವನ್ನೂ ವ್ಯವಸ್ಥೆ ಮಾಡಿಕೊಡುವ ಸಣ್ಣದೊಂದು ಸಂಸ್ಥೆ ನಡೆಸುತ್ತಿದ್ದ. ಕುಷ್ಟಗಿಯ ಈ ಬೀಜದ ಕಂಪನಿಯಲ್ಲಿ ಈ ವರ್ಷದ ಟೀಮ್ ಬಿಲ್ಡಿಂಗ್ ದಿನ ಹೇಗಿರಬೇಕೆಂದು ಯೋಚಿಸಲು ಮ್ಯಾನೇಜರ್ ವಿರುಪಾಕ್ಷಿ ಅವನನ್ನು ಕರೆಸಿದ್ದರು. ಕಾರ್ಯಕ್ರಮ ಮಾಡುವ ಮೊದಲು ಇಲ್ಲಿಯ ಜನ ಹೇಗೆ ಕೂಡಿ ಕೆಲಸ ಮಾಡುತ್ತಾರೆಂದು ನೋಡಲು ಬಂದೆ, ಎಂದು ಹೇಳಿದ.

ಟೀಮ್ ಬಿಲ್ಡಿಂಗ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅನುಸೂಯಾಳ ಮುಖ ಇನ್ನಷ್ಟು ಬಿಗಿಯಿತು.

ಆ ಮಾತಿಗೆ ಬೀಜ ಆರಿಸುವ ಹಾಲ್‌ನಲ್ಲಿ ಒಂದು ಚರಿತ್ರೆಯಿತ್ತು. ಹೋದ ವರ್ಷವೂ ಹೀಗೇ ಒಂದು ದಿನ ಎಲ್ಲರನ್ನೂ ಬಸ್ಸು ಹತ್ತಿಸಿ ಹೊಳೆಯಾಚೆಯ ರೆಸಾರ್ಟಿಗೆ ಕರೆದೊಯ್ದಿದ್ದರು. ಕುರ್ಚಿ ಆಟ, ಚಮಚದಲ್ಲಿ ನಿಂಬೆಹಣ್ಣು, ಹಗ್ಗ ಜಗ್ಗಾಟ. ಊಟಕ್ಕೆ ಹೋಳಿಗೆ. ಹೆಂಗಸರು ಮೊದಲ ಸಲ ಮನಸ್ಸು ಬಿಚ್ಚಿ ನಕ್ಕು ಬಂದಿದ್ದರು. ತಿಂಗಳು ತುಂಬುವ ಮೊದಲೇ ಕೆಲವು ಹೆಂಗಸರನ್ನು “ನಾಳಿಂದ ಬರಬ್ಯಾಡ್ರಿ” ಎಂದು ಬಿಡಿಸಿದರು. ಕೆಲಸ ಹೋದವರೆಲ್ಲ ಆಟದಲ್ಲಿ ಸೋತವರೇ ಎಂದು ಯಾರೋ ಲೆಕ್ಕ ಹಾಕಿದರು. ಅಷ್ಟೇ ಸಾಕಾಯಿತು.

ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಇವರಾದರೋ ನೀರನ್ನೂ ಊದಿ ಕುಡಿಯುವ ಹಂತಕ್ಕೆ ಬಂದಿದ್ದರು.

ಅನುಸೂಯಾಗೆ ಎಲ್ಲರಿಗಿಂತ ಹೆಚ್ಚು ಭಯ. ಯಾಕೆಂದರೆ ಆ ಹಸಿರು ಬಳೆಯ ಕೈ ಅವಳ ಚಿಗವ್ವ ಫಕೀರಮ್ಮನದು. ತಾಯಿ ತೀರಿಕೊಂಡ ಮೇಲೆ ಯಲಬುರ್ಗಾ ಸೀಮೆಯ ಊರಿಂದ ಅವಳನ್ನು ತಂದು ಸಾಕಿದ ಚಿಕ್ಕಮ್ಮ. ದಸರೆಯ ಹೊತ್ತಿಗೆ ಫಕೀರಮ್ಮನ ಕಣ್ಣು ಮಂಜಾಗಿತ್ತು. ಬೀಜ ಕಾಣದೆ ಬರೀ ತಡವಿ ಆರಿಸುತ್ತಿದ್ದಳು. ಪಕ್ಕದಲ್ಲಿ ಕೂರುವ ಖೈರುನಬಿ ಅವಳ ಟ್ರೇಯನ್ನು ಇನ್ನೊಮ್ಮೆ ಆರಿಸುತ್ತಿದ್ದಳು. ಖೈರುನಬಿಯ ಬಾಣಂತನಕ್ಕೆ ಅಮ್ಮನಂತೆ ಬಂದು ನಿಂತವಳು ಫಕೀರಮ್ಮ; ಇದು ಅದರ ಮುಯ್ಯಿ. ನೀನು ನಮ್ಮ ಹೊಲಕ್ಕೆ ಬಾ, ನಾನು ನಿಮ್ಮ ಹೊಲಕ್ಕೆ ಬರ್ತೇನೆ, ಕೂಲಿ ಮಾತು ಬೇಡ ಎನ್ನುವ ಹಳೆಯ ಮುಯ್ಯಿಯನ್ನು ಈ ಹೆಂಗಸರು ತಗಡಿನ ಹಾಲ್‌ನೊಳಗೂ ತಂದುಕೊಂಡಿದ್ದರು.

ಡಾಕ್ಟರ ಹತ್ತಿರ ಹೋಗೋಣ ಎಂದರೆ ಫಕೀರಮ್ಮ ಒಪ್ಪುತ್ತಿರಲಿಲ್ಲ. ಆಸ್ಪತ್ರೆಗೆ ಹೋದ ಸುದ್ದಿ ಆಫೀಸಿಗೆ ಹೋಗುತ್ತದೆ, ಸುದ್ದಿ ಹೋದರೆ ಮೇಜು ಹೋಗುತ್ತದೆ. “ಮನ್ಯಾಗ ಗ್ವಾಡಿ ನೋಡ್ಕೋತ ಕುಂದ್ರಾಕ ನನ್ನ ಕೈಲಾಗೂದಿಲ್ಲ ಯವ್ವಾ,” ಎನ್ನುತ್ತಿದ್ದಳು. ಗೋಡೆಯೂ ಅವಳಿಗೆ ಸರಿಯಾಗಿ ಕಾಣುತ್ತಿರಲಿಲ್ಲ ಎಂಬುದು ಬೇರೆ ಮಾತು.

ಈಗ ಈ ಮರಳಿಯವನು ಬಂದಿದ್ದ. ಅವನು ಕೈಗಳನ್ನೇ ನೋಡುತ್ತಿದ್ದ.

* * *

ಒಂದು ಶನಿವಾರ ಸಿದ್ದಾರ್ಥ ಅಂಗಳದಲ್ಲಿ ಹಗ್ಗ ತಂದು ಹಾಕಿದ. ಸುಮ್ಮನೆ ತಾಲೀಮು, ಯಾರಿಗೆ ಯಾವ ಆಟ ಇಷ್ಟವೋ ನೋಡೋಣ ಎಂದ. ಅತ್ತ ಅರ್ಧ, ಇತ್ತ ಅರ್ಧ ಹೆಂಗಸರು ಹಗ್ಗ ಹಿಡಿದು ನಿಂತರು. ಸೀಟಿ ಊದಿದ.

ಯಾರೂ ಎಳೆಯಲಿಲ್ಲ.

ಎರಡೂ ಕಡೆಯವರು ಹಗ್ಗವನ್ನು ಮೊರ ಹಿಡಿದಷ್ಟು ಹಗುರಾಗಿ ಹಿಡಿದು, ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು. ಇನ್ನೊಮ್ಮೆ ಊದಿದ. ಖೈರುನಬಿ ಆಕಳಿಸಿದಳು. ಕುರ್ಚಿ ಆಟ ಇಟ್ಟ. ಹಾಡು ನಿಂತರೂ ಒಬ್ಬರೂ ಕೂರಲಿಲ್ಲ, ಕುರ್ಚಿಗಳ ಸುತ್ತ ಮರ್ಯಾದೆಯಿಂದ ನಿಂತೇ ಇದ್ದರು. ಗೆದ್ದವರಿಲ್ಲದಿದ್ದರೆ ಸೋತವರೂ ಇಲ್ಲವಲ್ಲ. ಇದನ್ನು ಅವರಿಗೆ ಹೇಳಿಕೊಟ್ಟವಳು ಅನುಸೂಯಾ.

ಸಿದ್ದಾರ್ಥನಿಗೆ ನಗು ಬರಬೇಕಿತ್ತು. ಬರಲಿಲ್ಲ. ಸೀಟಿಯನ್ನು ಜೇಬಿಗೆ ಹಾಕಿ, ಹಗ್ಗ ಸುತ್ತಿ, ನೇರವಾಗಿ ಅವಳ ಹತ್ತಿರ ಬಂದ.

“ಏನಾಗಿತ್ರಿ ಹೋದ ವರ್ಷ?”

“ನಿಮ್ಮ ಸಾಹೇಬ್ರನ್ನ ಕೇಳ್ರಿ.”

“ಅವರು ಭಾಳ ಛಲೋ ಆತು ಅಂದ್ರು. ಅದಕ್ಕ ನಿಮ್ಮನ್ನ ಕೇಳಾಕತ್ತೇನಿ.”

ಅವಳು ತಿರುಗಿ ಹಾಲ್‌ಗೆ ನಡೆದಳು. ಆದರೆ ಆ ಸಂಜೆ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಖೈರುನಬಿ ಒಗ್ಗರಣಿ ಮಿರ್ಚಿ ತಿನ್ನುತ್ತ ಎಲ್ಲವನ್ನೂ ಅವನಿಗೆ ಹೇಳಿಬಿಟ್ಟಳು. ಫಕೀರಮ್ಮನ ವಿಷಯ ಮಾತ್ರ ಬಿಟ್ಟಳು. ಅನುಸೂಯಾ ಪಕ್ಕದಲ್ಲೇ ಚಹಾ ಹಿಡಿದು ಮುಖ ತಿರುಗಿಸಿಕೊಂಡಿದ್ದಳು, ಕಿವಿ ಮಾತ್ರ ಇತ್ತಲೇ ಇತ್ತು.

ಅವನು ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಮರಳಿಯ ಗದ್ದೆಗಳ ಮಾತು ತೆಗೆದ. ಕಾಲುವೆಗೆ ನೀರು ಬಿಟ್ಟ ಕೂಡಲೇ ಮುಯ್ಯಿ ಆಳಿನ ಮೇಲೆ ಊರೆಲ್ಲ ಭತ್ತದ ಸಸಿ ನೆಡುತ್ತಿದ್ದುದು, ಕೆಸರಿನಲ್ಲಿ ತನ್ನ ಅವ್ವ ಎಲ್ಲರಿಗಿಂತ ಮೊದಲು ಸಾಲು ಮುಗಿಸುತ್ತಿದ್ದುದು. ಅಲ್ಲಿ ಯಾರೂ ಸೀಟಿ ಊದುತ್ತಿರಲಿಲ್ಲ, ಆದರೂ ಅದು ಟೀಮೇ ಆಗಿತ್ತು ಎಂದ. ಹೇಳುವಾಗ ಅವನ ಮುಖ ಹುಡುಗನ ಮುಖವಾಗಿತ್ತು. ಅನುಸೂಯಾ ತನಗೇ ತಿಳಿಯದೆ ಇತ್ತ ತಿರುಗಿದ್ದಳು.

ಅವನ ದನಿ ಅವಳಿಗೆ ಇಷ್ಟವಾಯಿತು. ಇಷ್ಟವಾದದ್ದು ಅವಳಿಗೆ ಇಷ್ಟವಾಗಲಿಲ್ಲ. ‘ಬೆಳ್ಳಗಿರೂದೆಲ್ಲ ಹಾಲಲ್ಲ, ಅನುಸೂಯಾ... ಇವನ ಮಾತಿಗೆ ಕರಗಬ್ಯಾಡ,’ ಎಂದು ಮನೆಯ ದಾರಿಯುದ್ದಕ್ಕೂ ತನಗೆ ತಾನೇ ಬುದ್ಧಿ ಹೇಳಿಕೊಂಡಳು.

ಮರುವಾರ ಆ ಬುದ್ಧಿಮಾತೇ ಸರಿ ಎನಿಸುವಂಥ ಸುದ್ದಿ ಬಂತು.

ವಿರುಪಾಕ್ಷಿ ಸ್ವತಃ ಹಾಲ್‌ಗೆ ಬಂದರು. ಈ ವರ್ಷ ರೆಸಾರ್ಟ್ ಇಲ್ಲ, ಆಟ ಇಲ್ಲ, ಅದೇ ದುಡ್ಡಿನಲ್ಲಿ ಇಲ್ಲೇ ಅಂಗಳದಲ್ಲಿ ಕಣ್ಣು ತಪಾಸಣೆ, ಆಮೇಲೆ ಎಲ್ಲರೂ ಕೂಡಿ ಊಟ. ಸಿದ್ದಾರ್ಥ ಅವರದೇ ಯೋಚನೆ ಎಂದು ಹೇಳಿದರು. ಕೊನೆಗೆ ನಗುನಗುತ್ತ ಸೇರಿಸಿದರು, “ಯಾರ ಕಣ್ಣು ಹೆಂಗದಾವ ಅನ್ನೂದು ಗೊತ್ತಾಗ್ಲಿ.”

ಬೀಜ ಆರಿಸುವವರಿಗೆ ಕಣ್ಣಿನ ಪರೀಕ್ಷೆ!

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅನುಸೂಯಾಳ ಕಣ್ಣು ತಾನಾಗಿ ಚಿಗವ್ವನ ಕಡೆ ಹೋಯಿತು. ಫಕೀರಮ್ಮ ಬೆರಳಲ್ಲಿ ಒಂದು ಬೀಜ ಹಿಡಿದು ಹಾಗೇ ಕುಳಿತಿದ್ದಳು. ನೋಡಿದ್ದಾನೆ. ಅವತ್ತೇ ವಿಡಿಯೋದಲ್ಲಿ ನೋಡಿದ್ದಾನೆ... ಅಳಿಸಿದರೇನು, ಕಣ್ಣೊಳಗಿಂದ ಅಳಿಸಲು ಆಗುತ್ತದೆಯೆ?

ಗೇಟಿನ ಬಳಿ ಬೈಕ್ ನಿಲ್ಲಿಸುತ್ತಿದ್ದ ಸಿದ್ದಾರ್ಥನನ್ನು ಅಡ್ಡಗಟ್ಟಿದಳು. ಇದರಿಂದ ಯಾರ ಕೆಲಸವೂ ಹೋಗುವುದಿಲ್ಲ, ತಪಾಸಣೆಯ ಕಾಗದ ಅವರವರ ಕೈಗೇ ಬರುತ್ತದೆ, ಆಫೀಸಿಗೆ ಹೋಗುವುದಿಲ್ಲ, ಮ್ಯಾನೇಜರು ಆ ಮಾತು ಕೊಟ್ಟ ಮೇಲೇ ಈ ಕೆಲಸ ಒಪ್ಪಿದ್ದೇನೆ ಎಂದು ಅವನು ಹೇಳಿದ.

“ಕಾಗದ ನಮ್ಮ ಕೈಗೆ, ಸುದ್ದಿ ಅವರ ಕಿವಿಗೆ. ಹೌದಲ್ರಿ?”

“ನನ್ನ ಮ್ಯಾಲ ಇಷ್ಟೂ ನಂಬಿಗಿ ಇಲ್ಲೇನ್ರಿ?”

“ಯಾಕ ಇರಬೇಕ್ರಿ?”

ಅವನ ಮುಖ ಸಣ್ಣದಾಯಿತು. ಅದನ್ನು ನೋಡಿ ಅವಳಿಗೂ ನೋವಾಯಿತು. ಆದರೂ ಬೆನ್ನು ತಿರುಗಿಸಿ ನಡೆದಳು.

* * *

ತಪಾಸಣೆಯ ಹಿಂದಿನ ದಿನವೇ ಆಸ್ಪತ್ರೆಯ ಸಹಾಯಕ ಶಾನವಾಜ ಬಂದು ಅಂಗಳದ ಗೋಡೆಗೆ ಕಣ್ಣು ಪರೀಕ್ಷೆಯ ಪಟ ತೂಗುಹಾಕಿ ಹೋದ. ಅಕ್ಷರ ಬಾರದವರಿಗೂ ಆಗಲಿ ಎಂದು ಅದರಲ್ಲಿ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳಿದ್ದವು. ಮೇಲೆ ದೊಡ್ಡದು, ಕೆಳಗೆ ಹೋದಂತೆ ಸಣ್ಣದು. ಹಲ್ಲು ಯಾವ ಕಡೆ ಇದೆಯೆಂದು ಹೇಳಬೇಕು, ಅಷ್ಟೇ.

ಅವನು ಗೇಟು ದಾಟಿದ್ದೇ ತಡ, ಹೆಂಗಸರು ಬುತ್ತಿ ಬಿಟ್ಟು ಪಟದ ಮುಂದೆ ಸೇರಿದರು. ಅನುಸೂಯಾ ಓದಿದಳು, ಖೈರುನಬಿ ಅದಕ್ಕೆ ಕೋಲಾಟದ ತಾಳ ಕೂರಿಸಿದಳು.

“ಮ್ಯಾಲ, ಬಲಕ್ಕ, ಕೆಳಗ, ಎಡಕ್ಕ... ಎಡಕ್ಕ, ಕೆಳಗ, ಮ್ಯಾಲ, ಬಲಕ್ಕ...”

ಫಕೀರಮ್ಮ ಒಂದು ಕಾಲದಲ್ಲಿ ಊರಿಗೇ ಹಾಡು ಕಲಿಸಿದವಳು. ಎರಡು ಸಲ ಕೇಳಿದಳು, ಮೂರನೆಯ ಸಲಕ್ಕೆ ಪಟದ ಕೊನೆಯ ಸಾಲಿನವರೆಗೂ ಅವಳ ಬಾಯಲ್ಲಿತ್ತು. ಪಟ ಎಲ್ಲಿದೆಯೆಂಬುದೇ ಅವಳಿಗೆ ಕಾಣುತ್ತಿರಲಿಲ್ಲ.

ಮರುದಿನ ಅಂಗಳದಲ್ಲಿ ಶಾಮಿಯಾನ, ಬೆಂಚು. ಮೊದಲು ಮ್ಯಾನೇಜರು, ಆಮೇಲೆ ಆಫೀಸಿನವರು, ಲೋಡಿಂಗಿನವರು, ಕೊನೆಗೆ ಹಾಲ್‌ನವರು ಎಂದು ಸಿದ್ದಾರ್ಥ ಸಾಲು ಮಾಡಿದ್ದ. ಪಟದಲ್ಲಿ ತಪ್ಪಿದವರನ್ನು ಮಾತ್ರ ಒಳಗೆ ಡಾಕ್ಟರಮ್ಮ ನೋಡುತ್ತಿದ್ದರು. ವಿರುಪಾಕ್ಷಿ ನಡುವಿನ ಸಾಲಿಗೇ ತೊದಲಿದರು. ಅವರ ಕಣ್ಣಿಗೆ ಹನಿ ಹಾಕಿ ಬೆಂಚಿನ ಮೇಲೆ ಕೂರಿಸಿದರು. ಹನಿಗೆ ಕಣ್ಣು ಮಂಜಾಗಿ, ಯಾರು ಬಂದರು ಯಾರು ಹೋದರು ತಿಳಿಯದೆ ಅವರು ಎಲ್ಲರಿಗೂ ನಮಸ್ಕಾರ ಎನ್ನುತ್ತಿದ್ದರು.

ಫಕೀರಮ್ಮನ ಸರದಿ ಬಂತು. ಶಾನವಾಜ ಕೋಲು ಎತ್ತಿದ. ಅವನು ಗುರುತಿಗೆ ಕೋಲು ಮುಟ್ಟಿಸುವ ಮೊದಲೇ ಫಕೀರಮ್ಮ ಶುರು ಮಾಡಿಬಿಟ್ಟಳು. ಮ್ಯಾಲ, ಬಲಕ್ಕ, ಕೆಳಗ, ಎಡಕ್ಕ. ಒಂದು ತಪ್ಪಿಲ್ಲ, ಒಂದು ತಡೆಯಿಲ್ಲ. ವಯಸ್ಸಿನ ಹುಡುಗಿಯರೂ ಕಣ್ಣು ಕಿರಿದು ಮಾಡುವ ಕೊನೆಯ ಸಾಲನ್ನು ಅವಳು ತಾಳ ಸಮೇತ ಮುಗಿಸಿದಳು.

ಅಜ್ಜಿಯ ಕಣ್ಣು ಹದ್ದಿನ ಕಣ್ಣು ಎಂದು ಶಾನವಾಜ ಹೊಗಳಿದ. ಮನೆಗೆ ಹೋಗಬಹುದು ಎಂದ.

ಹೆಂಗಸರು ಬಿಗಿಹಿಡಿದ ಉಸಿರು ಬಿಟ್ಟರು. ಗೆದ್ದೆವು ಎಂದುಕೊಂಡು ಅನುಸೂಯಾ ಸಿದ್ದಾರ್ಥನ ಕಡೆ ನೋಡಿದಳು. ಅವನ ಮುಖದಲ್ಲಿ ಸೋತ ಸಿಟ್ಟು ಇರುತ್ತದೆಂದುಕೊಂಡಿದ್ದಳು. ಅವನ ಕಣ್ಣಲ್ಲಿ ನೀರಿತ್ತು.

ಅವಳಿಗೆ ಏನೂ ಅರ್ಥವಾಗಲಿಲ್ಲ. ಅವನು ಬಂದು, ಗೋಣಿಚೀಲಗಳ ಮರೆಗೆ ಅವಳನ್ನು ಕರೆದ.

“ಅವತ್ತ ನೀವು ಅಳಿಸಿದ ವಿಡಿಯೋ, ಅದನ್ನ ನಾ ಮೊದಲ ನೋಡಿದ್ದೆ. ಆ ಅವ್ವಗ ಕಣ್ಣು ಕಾಣವಲ್ದು ಅಂತ ಅವತ್ತ ಗೊತ್ತಾಗಿತ್ತು. ಹೇಳೂದಿದ್ರ ಅವತ್ತ ಹೇಳ್ತಿದ್ದೆ, ಅನುಸೂಯಾ ಅವರ.”

ಅವಳು ಗೋಣಿಚೀಲಕ್ಕೆ ಒರಗಿ ನಿಂತಳು.

“ಮತ್ತ... ಈ ತಪಾಸಣಿ?”

“ಆಕಿ ಒಬ್ಬಾಕಿನ ದವಾಖಾನಿಗೆ ಕರದ್ರ ಬರೂದಿಲ್ಲ. ಎಲ್ಲಾರ ನಡುವ ಆದ್ರ ಯಾರಿಗೂ ಗೊತ್ತಾಗೂದಿಲ್ಲ ಅಂತ ಮಾಡಿದ್ದೆ. ಎಲ್ಲಾ ಮಾಡಿ, ಈಗ ಆಕೀನ ಪಾಸ್ ಆಗಿ ಹೊಂಟಾಳ.”

ಅವನು ತನ್ನ ಅವ್ವ ದುರಗಮ್ಮನ ಕಥೆ ಹೇಳಿದ. ಗದ್ದೆ ಕೆಲಸ ಬಿಟ್ಟ ಮೇಲೆ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದವಳು. ಕಣ್ಣು ಮಂಜಾದಾಗ ಕೆಲಸ ಹೋಗುತ್ತದೆಂಬ ಹೆದರಿಕೆಗೆ ಯಾರಿಗೂ, ಮಗನಿಗೂ ಹೇಳಲಿಲ್ಲ. ತಿಳಿಯುವಷ್ಟರಲ್ಲಿ ಕಣ್ಣಿನ ನರವೇ ಒಣಗಿತ್ತು, ತಡವಾಗಿ ಬಂದಿರಿ ಎಂದು ಡಾಕ್ಟರು ಕೈಚೆಲ್ಲಿದರು. ಈಗ ಬೆಳಕು ಬಿಟ್ಟರೆ ಅವಳಿಗೆ ಏನೂ ಕಾಣುವುದಿಲ್ಲ.

“ನಿಮ್ಮ ಚಿಗವ್ವಂದು ಬರೇ ಪೊರಿ ಇರಬೌದು. ತಗದ್ರ ಕಾಣ್ತಾವ. ಇಲ್ಲಂದ್ರ ನಮ್ಮವ್ವನ ಗತಿನೂ ಆಗಬೌದು. ನಾ ಒಳಗ ಹೋಗಿ ಹೇಳೂದಿಲ್ಲ. ಅದು ನಿಮ್ಮ ಮನಿ ಮಾತು. ನೀವ ಹೇಳ್ಬೇಕು.”

ಅಂಗಳದಲ್ಲಿ ಫಕೀರಮ್ಮ ಖೈರುನಬಿಯ ಭುಜ ಹಿಡಿದು ಊಟದ ಸಾಲಿನ ಕಡೆ ಹೋಗುತ್ತಿದ್ದಳು. ನಗುತ್ತಿದ್ದಳು. ಎದುರಿನ ಕಂಬ ಕಾಣದೆ ಅದಕ್ಕೆ ಹಣೆ ತಾಗಿಸಿಕೊಂಡು, ಕಂಬಕ್ಕೇ “ಸರೀರಿ” ಎಂದಳು.

ಅನುಸೂಯಾ ಅದನ್ನು ನೋಡಿದಳು. ಕೆಲಸ ಉಳಿಸಲು ಹೋಗಿ ನಾನು ಚಿಗವ್ವನ ಕಣ್ಣನ್ನೇ ಮುಚ್ಚುತ್ತಿದ್ದೆನಲ್ಲ... ಆದರೆ ಈಗ ಬಾಯಿ ಬಿಟ್ಟರೆ ಮ್ಯಾನೇಜರ್ ಅಲ್ಲೇ ಇದ್ದಾರೆ. ನಂಬಬೇಕಾದ್ದು ಒಬ್ಬ ಮನುಷ್ಯನನ್ನು ಮಾತ್ರ. ಫೋನ್ ಕೇಳಿದ ಕೂಡಲೇ ಕೊಟ್ಟವನನ್ನು.

ಅವಳು ಎಲ್ಲರ ನಡುವೆ ಹೋಗಿ ಚಿಗವ್ವನ ಎರಡೂ ಕೈ ಹಿಡಿದಳು.

“ಚಿಗವ್ವಾ, ಕಾಣೂದಿಲ್ಲ ಅನ್ನು.”

ಫಕೀರಮ್ಮ ಗಾಬರಿಯಿಂದ ತಲೆ ಅಲ್ಲಾಡಿಸಿದಳು. ಕೈ ಬಿಡಿಸಿಕೊಳ್ಳಲು ನೋಡಿದಳು.

“ಅನ್ನು ಚಿಗವ್ವಾ. ಮೇಜು ಹೋದ್ರ ಹೋಗ್ಲಿ. ನೀ ನನ್ನ ಮಾರಿ ನೋಡಿ ಎಷ್ಟು ದಿನಾತು ಹೇಳು.”

ಊಟದ ಸಾಲಿನವರೆಲ್ಲ ತಿರುಗಿ ನೋಡಿದರು. ಫಕೀರಮ್ಮ ಕೈ ಬಿಡಿಸಿಕೊಳ್ಳುವುದನ್ನು ನಿಲ್ಲಿಸಿದಳು. ಅವಳ ಕೈ ಮೇಲೆದ್ದು ಅನುಸೂಯಾಳ ಕೆನ್ನೆ, ಮೂಗು, ಹಣೆ ತಡವಿತು, ಬೀಜ ತಡವುವ ಹಾಗೆಯೇ.

“ಇಲ್ಲವ್ವಾ,” ಎಂದಳು ಮೆಲ್ಲಗೆ. “ಕಾಣೂದಿಲ್ಲ.”

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ; ಅನುಸೂಯಾ ವಿರುಪಾಕ್ಷಿಯವರ ಬೆಂಚಿನ ಮುಂದೆ ಹೋಗಿ ನಿಂತಳು. ದಸರೆಯಿಂದ ಈಚೆಗೆ ಫಕೀರಮ್ಮನ ಟ್ರೇಯನ್ನು ಎರಡೆರಡು ಸಲ ಆರಿಸುತ್ತಿದ್ದುದನ್ನು, ತಾನು ಮುಚ್ಚಿಟ್ಟಿದ್ದನ್ನು ಹೇಳಿದಳು. ಆ ಮೇಜಿನ ಬೀಜದ ಮೇಲೆ ಒಂದಾದರೂ ದೂರು ಬಂದಿದೆಯೇ ಎಂದೂ ಕೇಳಿದಳು.

ವಿರುಪಾಕ್ಷಿ ದನಿ ಬಂದ ಕಡೆ ಮುಖ ಎತ್ತಿ, ಅವಳ ಬದಲು ಪಕ್ಕದ ಕಂಬವನ್ನು ನೋಡುತ್ತ ಕುಳಿತರು.

“ಬಂದಿಲ್ಲ,” ಎಂದರು ಕೊನೆಗೆ.

ಸಿದ್ದಾರ್ಥ ಮುಂದೆ ಬಂದ. “ಟೀಮ್ ಅಂದ್ರ ಏನು ಅಂತ ಇವರಿಗೆ ಕಲಿಸಬೇಕು ಅಂದಿದ್ರಿ ಸರ್. ಇವರು ಕಲತ ಬಂದಾರ. ನಾವ ಆಟದಾಗ ಅದನ್ನ ಬಿಡಸಾಕ ಹೊಂಟಿದ್ವಿ.”

ಮ್ಯಾನೇಜರು ಅವನ ದನಿಯ ಕಡೆ ತಿರುಗಿದರು. ನಾನೂ ಬಹಳ ದಿನದಿಂದ ಬಿಲ್ಲಿನ ಸಣ್ಣ ಅಕ್ಷರ ಕಾಣದೆ ಗುಮಾಸ್ತನಿಂದ ಓದಿಸುತ್ತಿದ್ದೇನೆ, ಮೇಲಿನವರಿಗೆ ಗೊತ್ತಾದರೆ ಎಂದು ಹೆದರಿದ್ದೆ ಎಂದು ಹೇಳಿಬಿಟ್ಟರು. ಹೋದ ವರ್ಷ ಬಿಡಿಸಿದ್ದು ಆಟ ನೋಡಿಯೇ ಎಂದೂ, ಅದು ತಪ್ಪೆಂದೂ ಒಪ್ಪಿಕೊಂಡರು. ಬಿಡಿಸಿದವರನ್ನೂ ಮತ್ತೆ ಕೆಲಸಕ್ಕೆ ಕರೆಸೋಣ ಎಂದರು. ಹನಿಗೋ ಮತ್ಯಾವುದಕ್ಕೋ, ಅವರ ಕಣ್ಣು ಸೋರುತ್ತಿತ್ತು.

“ಆಕಿ ಆಪರೇಷನ್ ಮಾಡ್ಸಿ ಬರೂಮಟ ಆ ಜಾಗಾದಾಗ ಆಫೀಸಿನವರು ಒಬ್ಬೊಬ್ಬರು ಕುಂದರೂಣು. ಮೊದಲನೇ ಪಾಳಿ ನಂದು. ಮುಯ್ಯಿ ಅಂತ ತಿಳೀರಿ,” ಎಂದು ಏಳಲು ಹೋಗಿ, ದಾರಿ ಕಾಣದೆ ಕೈ ಚಾಚಿದರು. ಫಕೀರಮ್ಮನ ಕೈ ಸಿಕ್ಕಿತು. ಕಾಣದ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಡಾಕ್ಟರಮ್ಮನ ಕೋಣೆಗೆ ಹೋದರು.

* * *

ಫಕೀರಮ್ಮನದು ಪೊರೆಯೇ ಆಗಿತ್ತು. ಕೊಪ್ಪಳದಲ್ಲಿ ಆಪರೇಷನ್ ಆಯಿತು. ಅವಳ ಜಾಗದಲ್ಲಿ ಮ್ಯಾನೇಜರು ಕುಳಿತರು, ಗುಮಾಸ್ತ ಕುಳಿತ. ಕರೆಯದಿದ್ದರೂ ಗಂಗಾವತಿಯಿಂದ ಬೈಕ್ ಹತ್ತಿ ಬಂದು ಸಿದ್ದಾರ್ಥನೂ ಕುಳಿತ. ಅವನು ಒಳ್ಳೆಯದನ್ನು ಆಚೆ ಹಾಕಿ ಜೊಳ್ಳನ್ನು ಟ್ರೇಗೆ ಹಾಕುತ್ತಿದ್ದ. ಅವನ ಟ್ರೇಯನ್ನು ಯಾರು ಇನ್ನೊಮ್ಮೆ ಆರಿಸುತ್ತಿದ್ದರೆಂದು ಬೇರೆ ಹೇಳಬೇಕಿಲ್ಲ.

ಕಪ್ಪು ಕನ್ನಡಕ ಹಾಕಿಕೊಂಡು ಫಕೀರಮ್ಮ ಮರಳಿ ಬಂದ ದಿನ, ಹೆಂಗಸರು ತಾವೇ ಹಗ್ಗ ಕೇಳಿ ಪಡೆದು ಅಂಗಳದಲ್ಲಿ ಜಗ್ಗಿದರು. ಈ ಸಲ ಖೈರುನಬಿಯ ಕಡೆಯವರು ಸೋತು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ಫಕೀರಮ್ಮ ಕನ್ನಡಕ ಎತ್ತಿ ಸಿದ್ದಾರ್ಥನನ್ನು ಮೇಲಿಂದ ಕೆಳಗೆ ನೋಡಿದಳು. “ಕರ್ರಗ ಅದಾನ,” ಎಂದಳು. ಆಮೇಲೆ ಅನುಸೂಯಾಳ ಮುಖ ನೋಡಿದಳು. ಏನು ಕಂಡಿತೋ, ನಗುತ್ತ ಎದ್ದು ಹೋದಳು.

ಮೇಜಿನ ಬಳಿ ಇಬ್ಬರೇ ಉಳಿದರು.

“ಮುಯ್ಯಿ ತೀರಿತಲ್ರಿ. ಇನ್ನ ಬರೂದಿಲ್ಲೇನು?” ಅನುಸೂಯಾ ಬೀಜದ ಕಡೆಯೇ ನೋಡುತ್ತ ಕೇಳಿದಳು.

“ತೀರಿದ್ದು ನನ್ನ ಕಡೀದು. ಈಗ ನೀವು ಬರಬೇಕು, ನಮ್ಮ ಮನಿಗೆ. ನಾ ನಿಮ್ಮ ಬಗ್ಗೆ ಅವ್ವಗ ಎಲ್ಲಾ ಹೇಳೇನಿ. ಆಕಿಗೆ ಕಾಣೂದಿಲ್ಲ. ಬಂದವರ ಕೈ ಹಿಡದ ನೋಡ್ತಾಳ.” ಅವನ ದನಿ ತಗ್ಗಿತು. “ಒಮ್ಮೆ ಬಂದು ಹೋಗೂದಲ್ರಿ... ಇರಾಕ ಬರ್ತೀರೇನು?”

ಅವಳು ಕೈ ಚಾಚಿದಳು.

“ಫೋನ್ ಇತ್ತಾಗ ಕೊಡ್ರಿ.”

ಅವನು ಹೆದರಿದ. ಆದರೂ ಕೊಟ್ಟ. ಅವಳು ಅವನ ಎಡಗೈಯನ್ನು ಎಳೆದು, ಬೀಜದ ಟ್ರೇಯ ಪಕ್ಕ ತನ್ನ ಕೈಯ ಮೇಲಿಟ್ಟು, ಒಂದು ಫೋಟೊ ತೆಗೆದಳು.

“ಕೈ ಅಷ್ಟ,” ಎಂದಳು. “ಮಾರಿ ಇಲ್ಲ.”

“ಅವ್ವಗ ಫೋಟೊ ಕಾಣೂದಿಲ್ರಿ...”

“ಗೊತ್ತೈತಿ. ಇದು ನನಗ.” ಅನುಸೂಯಾ ಕೈ ಬಿಡಿಸಿಕೊಳ್ಳಲಿಲ್ಲ. “ಅವ್ವಗ ಈ ಕೈನ ತರ್ತೇನಿ.”